ಸತ್ತ ಕಾಯಿ ಎದ್ದು ಕೂತದ್ದು

ಅರಸೀಕೆರೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವನು ಫೋನಿನಲ್ಲಿ ಆಡುವ ಆಟಗಳನ್ನು ಮಾಡುತ್ತಿದ್ದ. ಬೋಳುತಲೆ ಸವರಿಕೊಳ್ಳದೆ ಒಂದು ಮಾತೂ ಆಡುತ್ತಿರಲಿಲ್ಲ. ಚೌಕಾಬಾರ ಕಲಿಯಲೆಂದು ಸಂಜೆ ಕೆಳಗಿಳಿದು ನನ್ನೆದುರು ಕೂರುತ್ತಿದ್ದ. ನಾನು ಅವನ ಕಾಯಿ ಕಡಿದರೆ ತಲೆ ಸವರಿಕೊಂಡು, "ಸೋಲೋದ್ರಲ್ಲೇ ಮಜಾ ಇರೋದು ಅಜ್ಜಿ," ಎನ್ನುತ್ತಿದ್ದ. ಕಡಿಸಿಕೊಂಡ ಕಾಯಿ ಮೊದಲ ಮನೆಯಿಂದಲೇ ಮತ್ತೆ ಹೊರಡಬೇಕೆಂಬ ನಿಯಮವನ್ನು ತಾನು ಮಾಡಿದ ಫೋನಿನ ಚೌಕಾಬಾರಕ್ಕೂ ಹಾಗೆಯೇ ಹಾಕಿದ.

ಆಟ ಊರೂರಿಗೆ ಹಬ್ಬಿತು. ಮಹಡಿಗೆ ಏಸಿ ಬಂತು, ತಿರುಗುವ ಕುರ್ಚಿಗಳು ಬಂದವು, ಅವನ ಬಾಯಿಗೂ ಹೊಸ ಮಾತು ಬಂತು: "ಸೋತೋರು ಆಟ ಬಿಟ್ಟು ಹೋಗ್ತಾರೆ ಅಜ್ಜಿ." ಈಗ ಫೋನಿನಲ್ಲಿ ಕಾಯಿ ಸತ್ತರೆ ಒಂದು ಜಾಹೀರಾತು ನೋಡಿದರಾಯಿತು, ಸತ್ತಲ್ಲೇ ಎದ್ದು ಕೂರುತ್ತದೆ. ನನ್ನ ಮೊಮ್ಮಗಳು ಒಂದು ಆಟ ಮುಗಿಸುವಷ್ಟರಲ್ಲಿ ಅಂಗಡಿಯಲ್ಲಿರುವ ಸೋಪನ್ನೆಲ್ಲ ನೋಡಿರುತ್ತಾಳೆ.

ಒಂದು ಸಂಜೆ, ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿಯಿದ್ದ ಅವನ ಕಾಯಿಯನ್ನು ಕಡಿದೆ.

"ಅಜ್ಜಿ, ಇದೊಂದು ವಾಪಸ್ ಕೊಡಿ," ಎಂದ.

"ಕೊಡ್ತೀನಿ ಕಣೋ. ಮೊದ್ಲು ನನ್ ಜಾಹೀರಾತು ನೋಡು." ನೆನೆಸಿಟ್ಟ ಅವರೆಕಾಳಿನ ಬೋಗುಣಿಯನ್ನು ಅವನ ಮುಂದಕ್ಕೆ ತಳ್ಳಿದೆ. "ಇದಿಷ್ಟೂ ಹಿದುಕು."

ನಕ್ಕ. ಆಮೇಲೆ ನಿಜವಾಗಿಯೂ ಕೂತು ಸಿಪ್ಪೆಯಿಂದ ಕಾಳನ್ನೆಲ್ಲ ಹಿದುಕಿದ. ಕಾಯಿ ವಾಪಸ್ ಕೊಟ್ಟೆ. ಗೆದ್ದ. ಗೆದ್ದವನು ತಲೆ ಸವರಿಕೊಳ್ಳುತ್ತಾ, "ಗೆದ್ರೂ ಮಜಾನೇ ಇಲ್ವಲ್ಲ ಅಜ್ಜಿ," ಎಂದ.

"ನಂಗೈತೆ ಕಣೋ," ಎಂದೆ. "ರಾತ್ರಿ ಸಾರಿಗೆ ಕಾಳಾಯ್ತು."