ಬಾಗಿಲ ಒಳಗೆ ನಿಂತವರಿಗೆ

ಬೀದಿಯವರೆಲ್ಲ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನಿಂದ ಬಂದ ಬೀಗದಂಗಡಿ. ಇಬ್ಬರು ಒಳಗೆ ಬಂದರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು, ಅಷ್ಟು ಕಿರಿದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ತಂಗಿ ಮಾಡಿಕೊಟ್ಟ ಬ್ಲಾಗಿನಲ್ಲಿ ಕಸುಬಿನ ವಿಷಯ ಬರೆಯುತ್ತಿದ್ದಳು.

"ಅಕ್ಕ, ಯಾರು ಓದ್ಲಿ ಅಂತ ಬರೀತಿದೀಯ?" ಎಂದು ತಂಗಿ ಒಮ್ಮೆ ಕೇಳಿದಳು.

"ಬಾಗಿಲು ಇರೋರೆಲ್ಲ ಓದ್ಲಿ."

"ಹಂಗಂದ್ರೆ ಊರಿಗೆ ಊರೇ ಆಯ್ತಲ್ಲೇ! ಯಾರಾದ್ರೂ ಒಬ್ರನ್ನ ಮನಸ್ಸಲ್ಲಿಟ್ಕೊಂಡು ಬರಿ."

ಬೀಗದಕ್ಕ ನಕ್ಕಳು. ಒಳಚಿಲಕ ಬಿದ್ದ ಬಾಗಿಲನ್ನು ಹೊರಗಿನಿಂದ ತೆಗೆಯುವುದು ಹೇಗೆಂದು ಬರೆದದ್ದನ್ನು ಸಾವಿರಾರು ಜನ ಓದಿದ್ದರು. ಅವಳಿಗೆ ಹಿಗ್ಗೋ ಹಿಗ್ಗು.

ಒಂದು ಮಧ್ಯಾಹ್ನ ಒಬ್ಬ ಟೀಚರ್ ಅಂಗಡಿಗೆ ಬಂದಳು. ಮುರಿದ ದವಡೆಗೆ ತಂತಿ ಬಿಗಿದಿದ್ದರು. ಹಲ್ಲು ಕಚ್ಚಿಕೊಂಡೇ ಮಾತಾಡಬೇಕಿತ್ತು. ಫೋನಿನಲ್ಲಿ ಅದೇ ಬರಹ ತೋರಿಸಿದಳು.

"ಇದು ನೀವೇ ಬರೆದಿದ್ದಾ?"

"ಹೌದಮ್ಮ."

"ನನ್ನ ಗಂಡನೂ ಓದಿದ. ರೂಮಲ್ಲಿ ಚಿಲಕ ಹಾಕ್ಕೊಂಡು ಕೂತಿದ್ದೆ. ನೀವು ಹೇಳಿದ ಹಾಗೇ ತೆಗೆದ. ಆಮೇಲೆ ನನ್ನ ಮುಖ ಸಂದಿಗಿಟ್ಟು ಅದೇ ಬಾಗಿಲು ಹಾಕಿದ."

ಅವಳು ಬೈದಿದ್ದರೆ ವಾಸಿಯಿತ್ತು, ಬೈಯಲಿಲ್ಲ. ಬೀಗದಕ್ಕ ಅವಳ ಕಣ್ಣೆದುರೇ ಆ ಬರಹವನ್ನು ಅಳಿಸಿದಳು. ಡ್ರಿಲ್ಲು, ಉಕ್ಕಿನ ಅಗುಳಿ, ಬೆರಳುದ್ದದ ಸ್ಕ್ರೂಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಟೀಚರ್ ಆಗ ಇದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಆ ಬಾಗಿಲನ್ನು ಭದ್ರಮಾಡಿ ಬಂದು, ಒಳಗಿನಿಂದ ಗಟ್ಟಿ ಅಗುಳಿ ಕೂರಿಸುವುದು ಹೇಗೆಂದು ಹೊಸದೊಂದು ಬರಹ ಹಾಕಿದಳು. ಅದರ ಮೊದಲ ಸಾಲು: "ಇದು ಬಾಗಿಲ ಒಳಗೆ ಹೆದರಿ ನಿಂತಿರುವವರಿಗೆ. ಉಳಿದವರು ಬೇರೆ ಕಡೆ ನೋಡಿಕೊಳ್ಳಿ."

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದ ಹಾಗೇ ಆ ಟೀಚರ್ ಗಂಡ ಕಬ್ಬಿಣದ ಸರಳು ಹಿಡಿದು ನುಗ್ಗಿದ. ಚಿಕ್ಕಮ್ಮನ ಮನೆಯ ಬಾಗಿಲು ಅವನಿಗೆ ಜಗ್ಗಿರಲಿಲ್ಲ.

"ನನ್ನ ಹೆಂಡ್ತಿಗೂ ನನಗೂ ಮಧ್ಯೆ ಅಗುಳಿ ಹಾಕಕ್ಕೆ ನೀನ್ಯಾವಳೇ?"

ಮೊದಲ ಏಟಿಗೆ ಕೀಲಿ ಕೊರೆಯುವ ಯಂತ್ರ ಚೂರಾಯಿತು. ಎರಡನೆಯದು ಮೇಜಿನ ಮೇಲಿದ್ದ ಅವಳ ಬಲಗೈಗೆ ಬಿತ್ತು. ನೋವಿಗಿಂತ ಮೊದಲು ಮೂಳೆಯ ಸದ್ದು ಕೇಳಿಸಿತು. ರಕ್ತ ಕೀಲಿಗಳ ಮೇಲೆಲ್ಲ ಚಿಮ್ಮಿತು. ಸರಳು ತಲೆಯ ಮೇಲಕ್ಕೆದ್ದಾಗ ಅವಳು ಎಡಗೈಗೆ ಸಿಕ್ಕ ಸುತ್ತಿಗೆಯನ್ನು ಅವನ ಮಂಡಿಗೆ ಬೀಸಿದಳು. ಅವನು ಕಿರುಚಿ ಕುಸಿದ. ಅವಳು ಮತ್ತೆ ಎತ್ತಿ, ಅದೇ ಮಂಡಿಗೆ ಇನ್ನೊಮ್ಮೆ ಬಾರಿಸಿದಳು. ಮೂರನೆಯ ಸಲ ಎತ್ತಿದಾಗ ಪಕ್ಕದಂಗಡಿಯ ದರ್ಜಿ ಓಡಿಬಂದು ಅವಳ ತೋಳು ಹಿಡಿದ.

"ಸಾಕು ಬಿಡಕ್ಕ, ಸತ್ತೋಗ್ತಾನೆ!"

ಪೊಲೀಸರ ಮುಂದೆ ಅವಳು ಮುಚ್ಚಿಡಲಿಲ್ಲ. "ಮೊದಲನೇ ಏಟು ಜೀವ ಉಳಿಸ್ಕೊಳ್ಳಕ್ಕೆ ಹೊಡೆದೆ. ಎರಡನೇದು ಬೇಕಂತಲೇ ಹೊಡೆದೆ."

ಅವನು ಊರುಗೋಲಿನಲ್ಲೇ ಜೈಲಿಗೆ ಹೋದ. ಅವಳ ಮೇಲಿನ ಮೊಕದ್ದಮೆ ಒಂದು ವರ್ಷ ಎಳೆದು, ಕೋರ್ಟಿನ ಎಚ್ಚರಿಕೆಯಲ್ಲಿ ಮುಗಿಯಿತು. ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಬೀಗ ತೆಗೆಯುವ ಬರಹಗಳು ನಿಂತದ್ದಕ್ಕೆ, ಬ್ಲಾಗಿಗೆ ಬರುತ್ತಿದ್ದ ಬೀಗದ ಕಸುಬಿನವರು ಬೇಸರಪಟ್ಟು ದೂರವಾದರು. ಓದುವವರು ಅರ್ಧಕ್ಕಿಂತ ಕಡಿಮೆಯಾದರು. ಆದರೆ ಒಮ್ಮೆ ಹೆಸರಿಲ್ಲದ ಒಂದು ಸಂದೇಶ ಬಂತು: "ಅಗುಳಿ ಜಗ್ಗಲಿಲ್ಲ. ಪೊಲೀಸ್ರು ಬರೋತನಕ ತಡೀತು." ಅದನ್ನು ಓದಿ ಬೀಗದಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅತ್ತಳು.

ಈಗ ಅವಳು ಒಂದೊಂದೇ ಅಕ್ಷರ ಎಡಗೈಯಲ್ಲಿ ಒತ್ತುತ್ತಾಳೆ.

"ನೀನು ಹೇಳ್ತಾ ಹೋಗು, ನಾನು ಬರೀತೀನಿ," ಎಂದಳು ತಂಗಿ.

"ಬೇಡ ಕಣೇ. ನೀನು ಬರೆದ್ರೆ ಚಂದ ಆಗ್ಬಿಡತ್ತೆ. ಬಾಗಿಲ ಒಳಗೆ ನಿಂತೋರಿಗೆ ಚಂದ ಓದೋಷ್ಟು ಪುರಸೊತ್ತಿರಲ್ಲ."