ದಾಕಿನ ಚಿಕ್ಕನರಸಯ್ಯ ಶಿರಾದಲ್ಲಿ ಮನೆ ಹಿಡಿದದ್ದು

ಆಷಾಢದಲ್ಲಿ ಹಾಲುಕ್ಕಿಸಿ ಹೊಸ ಮನೆ ಹೊಗುವವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಆದರೆ ವರ್ಗದ ಆರ್ಡರು ಬರೆಯುವವರಿಗೆ ಪಂಚಾಂಗದ ಗೊಡವೆ ಇರುವುದಿಲ್ಲವಲ್ಲ! ೧೯೫೭ರಲ್ಲಿ ಆಷಾಢ ಹುಟ್ಟಿದ ಮೂರನೆಯ ದಿನವೇ ಪಾವಗಡದಲ್ಲಿದ್ದ ಚಿಕ್ಕನರಸಯ್ಯನ ಕೈಗೆ ಶಿರಾಕ್ಕೆ ವರ್ಗವಾದ ಕಾಗದ ಬಂತು.

ಚಿಕ್ಕನರಸಯ್ಯ ಆರೋಗ್ಯ ಇಲಾಖೆಯ ನೌಕರ. ಸಿಡುಬು ಬಾರದಿರಲೆಂದು ಮಕ್ಕಳ ತೋಳಿಗೆ ದಾಕು ಹಾಕುವುದು ಅವನ ಕೆಲಸ. ಕಾಗದಪತ್ರಗಳಲ್ಲಿ ವ್ಯಾಕ್ಸಿನೇಟರು ಎಂದಿದ್ದರೂ ಜನರ ಬಾಯಲ್ಲಿ ಅವನು ದಾಕಿನವನು. ಅವನ ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಅದರೊಳಗೆ ಒದ್ದೆಬಟ್ಟೆ ಸುತ್ತಿದ ಗಾಜಿನ ಕೊಳವೆಗಳಲ್ಲಿ ಮದ್ದು, ಒಂದು ಸ್ಪಿರಿಟ್ಟಿನ ದೀಪ, ತುದಿಯಲ್ಲಿ ಮುಳ್ಳಿನ ಬಿಲ್ಲೆಯಿದ್ದ ಒಂದು ಪುಟ್ಟ ಹಿಡಿ. ತೋಳಿನ ಮೇಲೆ ಮದ್ದಿನ ಹನಿಯಿಟ್ಟು ಆ ಬಿಲ್ಲೆಯನ್ನು ಒಮ್ಮೆ ತಿರುವಿದರೆ ಮುಗಿಯಿತು; ಒಗ್ಗರಣೆಯ ಸಾಸಿವೆ ಸಿಡಿಯುವಷ್ಟು ಹೊತ್ತೂ ಹಿಡಿಯದು. ಅಷ್ಟಕ್ಕೇ ಅವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಮಕ್ಕಳು ಅಟ್ಟ ಹತ್ತುತ್ತಿದ್ದವು, ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಾಕಿಸಿಕೊಂಡವರಲ್ಲಿಯೂ ಎಷ್ಟೋ ಮಂದಿ ಅವನು ಬೆನ್ನು ತಿರುಗಿಸಿದೊಡನೆ ಮಗುವಿನ ತೋಳನ್ನು ಸೆರಗಿನಿಂದ ಒರೆಸಿಬಿಡುವರು.

ಈ ಕೆಲಸದ ಕಷ್ಟ ಅವನಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದಿದ್ದದ್ದು ಅವನ ಹೆಂಡತಿ ಲಕ್ಕಮ್ಮನಿಗೆ, ನಾಲ್ಕು ವರ್ಷದ ಮಗಳು ಓಬಳಿಗೆ. ಪಾವಗಡದಲ್ಲಿ ಅವರಿದ್ದ ಬೀದಿಯ ಒಂದು ಮಗುವಿಗೆ ದಾಕು ಹಾಕಿದ ವಾರದಲ್ಲೇ ಜ್ವರ ಬಂದಿತ್ತು. ಜ್ವರ ಬೇರೆ ಯಾವುದೋ, ಮಗು ಹುಷಾರಾಯಿತು. ಆದರೂ ಸಿಡುಬಿನ ಅಮ್ಮನ ದಾರಿಗೆ ಅಡ್ಡ ನಿಂತವನ ಮನೆಯೆಂದು ಬೀದಿಯವರು ಮಾತು ಬಿಟ್ಟರು. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಇದು ಬರಿಯ ಮೌನ. ಲಕ್ಕಮ್ಮ ಎಲ್ಲರೂ ನೀರು ಸೇದಿಕೊಂಡು ಹೋದ ಮೇಲೆ ಬಾವಿಗೆ ಹೋಗಿ ಬರುತ್ತಿದ್ದಳು. ಓಬಳಿಯನ್ನು ಆಟಕ್ಕೆ ಕರೆಯುವವರಿಲ್ಲ. ಅವಳು ಮನೆಯ ಗುಂಡುಕಲ್ಲಿಗೆ ಹರಕು ರವಿಕೆಯ ತುಂಡು ಸುತ್ತಿ, ಅದಕ್ಕೆ ಅಕ್ಕ ಎಂದು ಹೆಸರಿಟ್ಟು, ದಿನವೆಲ್ಲ ಜಗಲಿಯ ಮೇಲೆ ಅದರ ಜೊತೆ ಮಾತಾಡುತ್ತಿದ್ದಳು. ಮೊದಮೊದಲು ನಗುತ್ತಿದ್ದ ಚಿಕ್ಕನರಸಯ್ಯನಿಗೆ ಬರಬರುತ್ತಾ ಅದನ್ನು ನೋಡಲಾಗುತ್ತಿರಲಿಲ್ಲ.

ಹೊರಡುವ ದಿನ ಲಕ್ಕಮ್ಮ ರೊಟ್ಟಿಯ ಗಂಟು ಕೈಗೆ ಕೊಟ್ಟು ಒಂದೇ ಮಾತು ಹೇಳಿದಳು.

"ಹಂಚಿಂದೋ ಹುಲ್ಲಿಂದೋ ಏನಾರ ಆಗ್ಲಿ. ನೀರು ದೂರಾದ್ರೆ ಹೊತ್ಕೋತೀನಿ. ಈ ಕೂಸ್ನ ಹೆಸರಿಡಿದು ಕರಿಯೋ ಬೀದೀಲಿ ಮನೆ ನೋಡಿ, ಅಷ್ಟೆಯಾ."

ಆಷಾಢವಾದ್ದರಿಂದ ಅವನೊಬ್ಬನೇ ಶಿರಾಕ್ಕೆ ಬಂದು ಛತ್ರದಲ್ಲಿ ಇಳಿದುಕೊಂಡ. ಶ್ರಾವಣ ಹುಟ್ಟುವವರೆಗೆ ಸಂಸಾರ ತರುವಂತಿಲ್ಲ. ಮನೆ ನೋಡುವುದಕ್ಕೆ ಸುಮಾರು ಒಂದು ತಿಂಗಳು ಸಿಕ್ಕಿತು. ಊರಿನ ಬೀದಿಬೀದಿ ಅಲೆಯುವುದೇ ಅವನ ಕೆಲಸವಾದ್ದರಿಂದ ಮನೆ ಹುಡುಕಲು ಬೇರೆ ಅಲೆದಾಟ ಬೇಕಿರಲಿಲ್ಲ. ಆದರೂ ಮನೆ ಕೇಳಲು ಹೋಗುವಾಗ ಅವನೊಂದು ಜಾಣತನ ಮಾಡಿದ. ಪೆಟ್ಟಿಗೆಯನ್ನು ಛತ್ರದಲ್ಲಿಟ್ಟು, ಮಡಿಸಿಟ್ಟ ಅಂಗಿ ಹಾಕಿಕೊಂಡು, ಕೈ ಬೀಸಿಕೊಂಡು ಹೋದ.

ಪೇಟೆಯ ಹಿಂದಿನ ಬೀದಿಯಲ್ಲಿ ನಂದೀಶ್ವರಯ್ಯನವರೆಂಬ ಜವಳಿ ವ್ಯಾಪಾರಿಗಳ ಮನೆಯಿತ್ತು. ಅದರ ಪಕ್ಕದ ಭಾಗ ಖಾಲಿ. ಗಾರೆಯ ನೆಲ, ಎರಡು ಮನೆಯಾಚೆ ನಲ್ಲಿ, ನಾಲ್ಕು ಹೆಜ್ಜೆಗೆ ಸ್ಕೂಲು. ಸಂಜೆಯಾದರೆ ಬೀದಿಯ ತುಂಬ ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದರು. ಆ ಮಕ್ಕಳ ಗದ್ದಲ ಕೇಳಿಯೇ ಚಿಕ್ಕನರಸಯ್ಯ ಸೋತುಹೋದ. ನಂದೀಶ್ವರಯ್ಯನವರು ಕೆಲಸವೇನೆಂದು ಕೇಳಿದರು. ಹೆಲ್ತ್ ಡಿಪಾರ್ಟ್‌ಮೆಂಟು ಎಂದ. ಆಸ್ಪತ್ರೆಯಲ್ಲಿ ಗುಮಾಸ್ತಿಕೆಯೇನೋ ಎಂದು ಅವರೇ ತಿಳಿದುಕೊಂಡರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಎಲೆ ಅಡಿಕೆ ಕೈಗೆ ಬಂತು, ಬೀಗದ ಕೈಯೂ ಬಂತು.

ಆ ರಾತ್ರಿ ಅವನಿಗೆ ಚೆನ್ನಾಗಿ ನಿದ್ದೆ ಬಂದದ್ದೇನೋ ನಿಜ. ಆದರೆ ಮರುವಾರ ದಾಕು ಹಾಕಬೇಕಾದ ಬೀದಿಗಳ ಪಟ್ಟಿ ಕೈಗೆ ಬಂದಾಗ ಮೊದಲನೆಯ ಹೆಸರೇ ಆ ಬೀದಿಯದು.

ಬಾಗಿಲುಗಳು ಹಾಕಿದ್ದವು ಎಂದು ರಿಜಿಸ್ಟರಿನಲ್ಲಿ ಬರೆದು ಸುಮ್ಮನಿರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಅವನ ಕಣ್ಣ ಮುಂದೆ ಕುಂಟಾಬಿಲ್ಲೆಯ ಮಕ್ಕಳು ಬಂದವು. ಓಬಳಿಗೆ ಜೊತೆಯಾಗಲೆಂದು ತಾನು ಆರಿಸಿದ ಮಕ್ಕಳನ್ನೇ ಸಿಡುಬಿಗೆ ಬಿಟ್ಟುಬಿಡುವುದೇ? ಪೆಟ್ಟಿಗೆ ಎತ್ತಿಕೊಂಡು ಹೊರಟ.

ಆದದ್ದು ಎಲ್ಲ ಕಡೆ ಆಗುವುದೇ. ಕುಂಟಾಬಿಲ್ಲೆಯ ಬಿಲ್ಲೆ ಬೀದಿಯಲ್ಲಿ ಉಳಿಯಿತು, ಮಕ್ಕಳು ಮಾಯವಾದವು. ಗೋಗರೆದು ಐದು ಮಕ್ಕಳಿಗೆ ಹಾಕಿ ಮುಗಿಸುವ ಹೊತ್ತಿಗೆ ನಂದೀಶ್ವರಯ್ಯನವರು ಬಾಗಿಲಿಗೆ ಬಂದು ನಿಂತಿದ್ದರು. ಒಳ್ಳೆಯ ಮನುಷ್ಯ, ಒರಟು ಮಾತಾಡಲಿಲ್ಲ.

"ತಪ್ಪು ತಿಳ್ಕೋಬೇಡಿ ಚಿಕ್ಕನರಸಯ್ಯನೋರೆ. ನನಗೇನೂ ಇಲ್ಲ. ನಮ್ಮವ್ವ ಬೆಳಗಿಂದ ತೊಟ್ಟು ನೀರು ಕುಡಿದಿಲ್ಲ. ಅಮ್ಮನಿಗೆ ಆಗದೋರು ಪಕ್ಕದಲ್ಲೇ ಬಂದವ್ರೆ ಅಂತ ಕೂತ್ಬುಟ್ಟವ್ಳೆ."

ಚಿಕ್ಕನರಸಯ್ಯ ಬೀಗದ ಕೈಯನ್ನು ಅವರ ಕೈಗಿಟ್ಟು, ತಪ್ಪು ತನ್ನದೇ, ಪೆಟ್ಟಿಗೆ ಹಿಡಿದುಕೊಂಡೇ ಮನೆ ಕೇಳಲು ಬರಬೇಕಿತ್ತು ಎಂದ. ಅದು ಉಪಚಾರದ ಮಾತಾಗಿರಲಿಲ್ಲ. ಅವರ ತಾಯಿಯನ್ನು ಒಪ್ಪಿಸಿ ಮನೆ ಉಳಿಸಿಕೊಂಡರೂ ಓಬಳಿ ಕೂರುವುದು ಮತ್ತೆ ಜಗಲಿಯಲ್ಲೇ, ಮಾತಾಡುವುದು ಮತ್ತೆ ಗುಂಡುಕಲ್ಲಿನ ಜೊತೆಯೇ.

ಶ್ರಾವಣಕ್ಕೆ ಹನ್ನೆರಡು ದಿನ ಉಳಿದಿತ್ತು. ಅಲ್ಲಿಂದಾಚೆ ಅವನು ಪೆಟ್ಟಿಗೆಯಿಲ್ಲದೆ ಎಲ್ಲಿಯೂ ಮನೆ ಕೇಳಲಿಲ್ಲ. ಕೇಳಿದ ಕಡೆಯೆಲ್ಲ ಪೆಟ್ಟಿಗೆಯನ್ನು ನೋಡಿದರು, ಮನೆ ಖಾಲಿ ಇಲ್ಲವೆಂದರು.

ಹಾಗಿರುವಾಗ ಒಂದು ಬೆಳಿಗ್ಗೆ ಕೋಟೆಯ ಹಿಂಬದಿಯ ಕಲಾಯಿಯವರ ಓಣಿಗೆ ದಾಕಿನ ಸರದಿ ಬಂತು. ಹತ್ತು ಮನೆಯ ಸಣ್ಣ ಓಣಿ. ಓಣಿಯ ಬಾಯಲ್ಲೇ ಪಾತ್ರೆಗಳಿಗೆ ಕಲಾಯಿ ಹಾಕುವ ಬಾಷಾ ಸಾಬರ ಕುಲುಮೆ. ಅದರ ಪಕ್ಕದಲ್ಲಿ ಅವರ ತಾಯಿ ಚಾಂದ್ ಬಿ, ಮೊಮ್ಮಕ್ಕಳ ಜೊತೆ. ಎದುರಿಗೆ ಪುರಿ ಹುರಿಯುವ ಸಿದ್ದಗಂಗಮ್ಮ. ಅರ್ಧ ತುರುಕರ ಮನೆ, ಅರ್ಧ ಒಕ್ಕಲಿಗರದು, ಕುರುಬರದು. ಇಲ್ಲಿಯೂ ಮಕ್ಕಳು ಓಡಿದವು. ಚಿಕ್ಕನರಸಯ್ಯ ನಿಟ್ಟುಸಿರಿಟ್ಟು ದೀಪ ಹಚ್ಚಿದ.

ಆಮೇಲೆ ನಡೆದದ್ದನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಚಾಂದ್ ಬಿ ಹೊರಗೆ ಬಂದು, ಎದುರುಮನೆಗೆ ಹೋಗಿ, ಅಟ್ಟದಿಂದ ಸಿದ್ದಗಂಗಮ್ಮನ ಮೊಮ್ಮಗನನ್ನು ಇಳಿಸಿಕೊಂಡು ಬಂದು ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. ಸಿದ್ದಗಂಗಮ್ಮ ಹೋಗಿ ಚಾಂದ್ ಬಿಯ ಮೊಮ್ಮಗಳು ಜೈನಾಬಿಯನ್ನು ಎತ್ತಿಕೊಂಡು ಬಂದಳು. ಮೂರನೆಯ ಮನೆಯವಳು ನಾಲ್ಕನೆಯ ಮನೆಯ ಕೂಸನ್ನು, ನಾಲ್ಕನೆಯವಳು ಮೂರನೆಯ ಮನೆಯದನ್ನು. ಓಣಿಯಲ್ಲಿ ಒಬ್ಬಳೂ ತನ್ನ ಕೂಸನ್ನು ತಾನು ಹಿಡಿಯಲಿಲ್ಲ. ಗೋಷಾದ ತಾಯಂದಿರು ಪರದೆಯ ಹಿಂದಿನಿಂದಲೇ ಮಕ್ಕಳನ್ನು ಎದುರುಮನೆಯವರ ಕೈಗೆ ದಾಟಿಸಿದರು.

ಇದೇನೆಂದು ಚಿಕ್ಕನರಸಯ್ಯ ಕೇಳಿದ.

"ನಮ್ಮ ಕೂಸು ಅತ್ರೆ ನಮ್ಮ ಕೈ ಸಡ್ಲ ಆಗ್ತದೆ ದಾಕಿನಪ್ಪಾ," ಎಂದಳು ಚಾಂದ್ ಬಿ. "ಇನ್ನೊಬ್ರ ಕೂಸಾದ್ರೆ ಕೈ ಗಟ್ಟಿ. ಹಿಡಿದೋಳ್ದೇ ಕೂಸು, ಸಂಜೆ ತಂಕ. ಬೆಲ್ಲ ಕೊಡ್ತಾಳೆ, ಮಲಗಿಸ್ತಾಳೆ. ಹೆತ್ತೋಳು ಒರೆಸಿಗಿರೆಸಿ ಬುಟ್ಟಾಳು ಅಂತ."

"ಕೊಟ್ರೆ ಎರಡು ದಿನಾನೂ ಇಟ್ಕೋತಾಳೆ ಈ ಮುದುಕಿ," ಎಂದು ಸಿದ್ದಗಂಗಮ್ಮ ಸೇರಿಸಿದಳು. "ಹೋದ್ಸಲ ನಮ್ಮುಡ್ಗ ಮನೇಗೇ ಬರಕಿಲ್ಲ ಅಂದ."

ಎಂಟು ದಿನ ಕಳೆದು, ದಾಕು ಗುಳ್ಳೆಯಾಗಿ ಎದ್ದಿದೆಯೋ ಇಲ್ಲವೋ ನೋಡಲು ಅವನು ಮತ್ತೆ ಬಂದ. ಹದಿನಾಲ್ಕು ತೋಳುಗಳಲ್ಲಿ ಹದಿನಾಲ್ಕರಲ್ಲಿಯೂ ಚೆನ್ನಾಗಿ ಎದ್ದಿತ್ತು. ಅವನ ಇಷ್ಟು ವರ್ಷದ ನೌಕರಿಯಲ್ಲಿ ಹಾಗಾದದ್ದು ಅದೇ ಮೊದಲು. ರಿಜಿಸ್ಟರು ಮುಚ್ಚಿ, ಪೆಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ಕಾಲ ಬಳಿ ಇಟ್ಟುಕೊಂಡು, ಈ ಓಣಿಯಲ್ಲಿ ಬಾಡಿಗೆಗೆ ಮನೆಯುಂಟೇ ಎಂದು ಕೇಳಿದ.

ಚಾಂದ್ ಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಗಾಡಿಯ ಗಂಗಯ್ಯನದೊಂದು ಮನೆ ಇದೆಯೆಂದಳು. ಮದಲೂರು ಕೆರೆ ತುಂಬಿದ ಮೇಲೆ ಅವನು ಗದ್ದೆ ಮಾಡಲು ಅಲ್ಲಿಗೇ ಹೋಗಿಬಿಟ್ಟಿದ್ದ. ಮಾಡು ಸೋರುತ್ತದೆ, ನೀರಿಗೆ ಕೋಟೆಯ ಬಾವಿಗೆ ಹೋಗಬೇಕು. ಒಪ್ಪಿಗೆಯಾದರೆ ಗಂಗಯ್ಯನಿಗೆ ಹೇಳಿಕಳಿಸುವುದಾಗಿ ಬಾಷಾ ಸಾಬರು ಕುಲುಮೆಯಿಂದಲೇ ಕೂಗಿದರು.

"ಬಾರಪ್ಪ, ಬಾ," ಎಂದಳು ಸಿದ್ದಗಂಗಮ್ಮ. "ಇನ್ಮೇಲೆ ನಮ್ಮುಡುಗ್ರು ಉಣ್ಣಕ್ಕೆ ಹಠ ಮಾಡುದ್ರೆ ನಿನ್ನೇ ಕರೀತೀವಿ."

ಎಲ್ಲರೂ ನಕ್ಕರು, ಅವನೂ ನಕ್ಕ. ಛತ್ರದ ದಾರಿ ಹಿಡಿದ ಮೇಲೆ ಆ ಮಾತು ಮತ್ತೆ ನೆನಪಾಯಿತು. ದೊಡ್ಡವರು ಬಾಗಿಲು ತೆರೆದರು, ಸರಿ. ಆದರೆ ಗುಮ್ಮನ ಮನೆಯ ಹುಡುಗಿಯ ಜೊತೆ ಆಡಲು ಯಾವ ಮಗು ಬಂದೀತು?

ಶ್ರಾವಣದ ಮೊದಲ ಸೋಮವಾರ ಲಕ್ಕಮ್ಮ ಪಾತ್ರೆಪಡಗ, ಗುಂಡುಕಲ್ಲು, ಮಗಳ ಸಮೇತ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ಬಂದಿಳಿದಳು. ಹಾಲುಕ್ಕಿಸಲು ಒಲೆಗೆ ಕೆಂಡವನ್ನು ಚಾಂದ್ ಬಿಯೇ ತನ್ನ ಒಲೆಯಿಂದ ತಂದು ಕೊಟ್ಟಳು. ಸಿದ್ದಗಂಗಮ್ಮ ಮೊರದಲ್ಲಿ ಬಿಸಿಪುರಿ ತಂದಳು. ಲಕ್ಕಮ್ಮನ ಗಡಿಸೀಮೆಯ ಕನ್ನಡಕ್ಕೆ, ಅದರಲ್ಲಿ ಅರ್ಧ ತೆಲುಗೇ, ಇಬ್ಬರೂ ನಕ್ಕರು. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಎರಡು ವರ್ಷದ ಮೇಲೆ ಆ ನಗುವನ್ನು ಕೇಳಿದ ಚಿಕ್ಕನರಸಯ್ಯ ಸುಮ್ಮನೆ ಹೊರಗೆ ಹೋಗಿ ನಿಂತ.

ಮಕ್ಕಳು ಮಾತ್ರ ಬರಲಿಲ್ಲ. ಮೂರು ದಿನ ಓಣಿಯ ಆಟವೆಲ್ಲ ಆ ಕೊನೆಯಲ್ಲೇ ನಡೆಯಿತು. ಚೆಂಡು ಉರುಳಿ ಈ ಮನೆಯ ಬಾಗಿಲಿಗೆ ಬಂದರೆ, ಚೆಂಡನ್ನೇ ಬಿಟ್ಟು ಹೋದರು. ಓಬಳಿ ಅದನ್ನು ಎತ್ತಿ ಗುಂಡುಕಲ್ಲಿನ ಮಗ್ಗುಲಲ್ಲಿಟ್ಟುಕೊಂಡು ಕೂತಳು. ಅವಳು ಅಳುವ ಮಗುವಲ್ಲ. ಅದೇ ಇನ್ನೂ ಸಂಕಟ.

"ಇಲ್ಲೂ ಅಷ್ಟೆಯೇನೋ," ಎಂದಳು ಲಕ್ಕಮ್ಮ ನಾಲ್ಕನೆಯ ಬೆಳಿಗ್ಗೆ ರಾಗಿ ಬೀಸುತ್ತಾ, ಗಂಡನ ಮುಖ ನೋಡದೆ. ಅವನು ಅಂದು ದಾಕು ಹಾಕಲು ತಾವರೆಕೆರೆಗೆ ಹೋಗಬೇಕಾಗಿತ್ತು, ಎಂಟು ಗಂಟೆಗೆ ಬಸ್ಸು. ಪೆಟ್ಟಿಗೆ ಎತ್ತಿಕೊಂಡು ಬಾಗಿಲ ತನಕ ಬಂದವನು ಹೊರಗೆ ಮಾತು ಕೇಳಿ ನಿಂತ.

ಆರು ವರ್ಷದ ಜೈನಾಬಿ ಅಂಗಳದಾಚೆ, ಓಡಲು ಅನುವಾಗಿ ಒಂದು ಕಾಲು ಹಿಂದಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ ನಾಲ್ಕೈದು ತಲೆಗಳು.

"ನಮ್ ಚೆಂಡು."

ಓಬಳಿ ಚೆಂಡನ್ನು ಎತ್ತಿ ತೋರಿಸಿದಳು, ಕೊಡಲಿಲ್ಲ.

"ನಿಮ್ಮಪ್ಪ ಒಳಗವ್ರಾ?"

ಓಬಳಿ ತಿರುಗಿ ನೋಡಿದಳು. ಅರ್ಧ ತೆರೆದ ಬಾಗಿಲ ಹಿಂದೆ, ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ ಅಪ್ಪನ ಕಣ್ಣಿಗೆ ಅವಳ ಕಣ್ಣು ಕೂಡಿತು.

"ಇಲ್ಲ," ಎಂದಳು.

"ಪೆಟ್ಗೆ?"

"ತಕ್ಕೊಂಡೋಗವ್ನೆ."

ಜೈನಾಬಿ ಎರಡು ಹೆಜ್ಜೆ ಮುಂದೆ ಬಂದಳು. ಬಂದು, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದಳು.

"ನಿಂಗೂ ಚುಚ್ಚವ್ರಾ?"

ಓಬಳಿ ಲಂಗದ ಜಾಕೀಟಿನ ತೋಳನ್ನು ಹೆಗಲ ತನಕ ಸರಿಸಿದಳು. ಅಲ್ಲಿ ಬಿಳಿಯ ರಾಗಿಕಾಳಿನ ಗುಂಪಿನಂತೆ ಎರಡು ಗುಂಡನೆಯ ಕಲೆಗಳು. ಹುಟ್ಟಿದ ಐದನೆಯ ತಿಂಗಳಲ್ಲಿ, ಲಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದಾಗ, ಅವನೇ ಹಾಕಿದ ದಾಕು.

"ಎಲ್ಡು," ಎಂದಳು.

"ನಂದು ದೊಡ್ಡದು," ಎಂದಳು ಜೈನಾಬಿ, ಹತ್ತಿರಕ್ಕೇ ಬಂದು ತೋಳು ತಾಗಿಸಿ. ಹಿಂದಿನ ತಲೆಗಳೂ ಬಂದವು. ತೋಳುಗಳೆಲ್ಲ ಜಗಲಿಯ ಮೇಲೆ ಸಾಲಾದವು. ಯಾರದು ದೊಡ್ಡದು, ಯಾರದು ಕೀತು ಕೀವಾದದ್ದು, ಯಾರು ಎಷ್ಟು ಅತ್ತರು. ಸಿದ್ದಗಂಗಮ್ಮನ ಮೊಮ್ಮಗ ತಾನು ಅಳಲೇ ಇಲ್ಲವೆಂದ. ಅವನೇ ಎಲ್ಲರಿಗಿಂತ ಜೋರಾಗಿ ಅತ್ತವನೆಂದು ಬಾಗಿಲ ಹಿಂದಿದ್ದವನಿಗೆ ಚೆನ್ನಾಗಿ ನೆನಪಿತ್ತು.

ಹೊರಗೆ ಹೋಗುವಂತಿಲ್ಲ. ಒಂದು ಹೆಜ್ಜೆ ಇಟ್ಟರೆ ಪೆಟ್ಟಿಗೆಯೊಳಗಿನ ಗಾಜು ಗಲಗಲ ಎನ್ನುತ್ತದೆ. ಲಕ್ಕಮ್ಮ ಬೀಸುವುದನ್ನು ನಿಲ್ಲಿಸಿ, ಕೈ ಹಿಟ್ಟಾಗಿದ್ದರೂ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಹೆಗಲು ಕುಲುಕುತ್ತಿತ್ತು. ಬಸ್ಸಿನ ಹಾರನ್ನು ಕೇಳಿಸಿತು, ಬಸ್ಸು ಹೋಯಿತು. ಒಂದು ದಿನವೂ ಕೆಲಸಕ್ಕೆ ತಡಮಾಡದಿದ್ದ ಚಿಕ್ಕನರಸಯ್ಯ ಬಾಗಿಲ ಹಿಂದೆ ಉಸಿರು ಹಿಡಿದು ನಿಂತೇ ಇದ್ದ. ಕೊನೆಗೆ ಪೆಟ್ಟಿಗೆಗೆ ಟವೆಲು ಸುತ್ತಿ, ತುದಿಗಾಲಲ್ಲಿ ಹಿತ್ತಲಿಗೆ ನಡೆದು, ಮೋಟುಗೋಡೆ ಹತ್ತಿ ಆಚೆಗೆ ಇಳಿದ. ಇಳಿದದ್ದು ಕುಲುಮೆಯ ಮಗ್ಗುಲಿಗೆ.

ಬಾಷಾ ಸಾಬರು ತಿದಿ ಒತ್ತುತ್ತಿದ್ದವರು ತಲೆಯೆತ್ತಿದರು.

"ಏನ್ ಸಾಬ್, ಸ್ವಂತ ಮನೆಗೇ ಕನ್ನ ಹಾಕುದ್ರಾ?"

ಚಿಕ್ಕನರಸಯ್ಯ ತುಟಿಯ ಮೇಲೆ ಬೆರಳಿಟ್ಟು ಓಣಿಯ ಕಡೆ ತೋರಿಸಿದ. ಅಲ್ಲಿಂದ ಜೈನಾಬಿಯ ಕೂಗು ಬರುತ್ತಿತ್ತು: "ಓಬಳೀ, ಏ ಓಬಳೀ, ಎಲ್ಲಿ ಅವಿತ್ಕಂಡೆ?" ಬಾಷಾ ಸಾಬರು ಅರ್ಥವಾದವರಂತೆ ತಲೆಯಾಡಿಸಿ ತಿದಿಯನ್ನು ಮೆಲ್ಲಗೆ ಒತ್ತಿದರು.

ಆಮೇಲೆ ಅವನಿಗೆ ಕೊರಟಗೆರೆಗೆ ವರ್ಗವಾಯಿತು, ಮಧುಗಿರಿಗೆ ಆಯಿತು. ಎರಡು ಸಲವೂ ತಾನೊಬ್ಬನೇ ಅಲ್ಲಿ ಕೋಣೆ ಹಿಡಿದು ಶನಿವಾರ ಶನಿವಾರ ಊರಿಗೆ ಬಂದನೇ ಹೊರತು ಸಂಸಾರವನ್ನು ಆ ಓಣಿಯಿಂದ ಕದಲಿಸಲಿಲ್ಲ. ಮಾಡಿನ ಹಂಚು ಕೈಯಾಡಿಸಲು ಗಂಗಯ್ಯ ಒಪ್ಪಿದ್ದು ಮೂರು ವರ್ಷದ ಮೇಲೆ. ಅದಕ್ಕಿಂತ ಎಷ್ಟೋ ಮೊದಲು, ಆ ಶ್ರಾವಣದಲ್ಲೇ, ಚಿಕ್ಕನರಸಯ್ಯ ಹಿತ್ತಲ ಗೋಡೆಯ ಎರಡೂ ಬದಿಗೆ ಒಂದೊಂದು ಮೆಟ್ಟುಗಲ್ಲು ಹಾಕಿಸಿಕೊಂಡ. ಪೆಟ್ಟಿಗೆ ಕೈಯಲ್ಲಿದ್ದ ದಿನ ಅವನ ದಾರಿ ಯಾವಾಗಲೂ ಅದೇ.