ಅಕ್ಕನಿಗೊಂದು ಪ್ರಿಂಟರ್

ಪ್ರಿಂಟರುಗಳು ಕೆಮ್ಮುತ್ತವೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ಕಾಣೆ. ಗುಂಡಿ ಒತ್ತಿದ ಮೇಲೆ, ಕಾಗದ ಹೊರಬರುವ ಮೊದಲು, ಭಾಷಣಕ್ಕೆ ನಿಂತ ಅಧ್ಯಕ್ಷರ ಹಾಗೆ ಅವು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತವೆ. ಮಧುಗಿರಿಯ ನಮ್ಮ ಮನೆಯ ಮಹಡಿಯಲ್ಲಿದ್ದ ಸಕಲಕಲಾವಲ್ಲಭ, ಅಂದರೆ ಮುದ್ರಣ, ನಕಲು, ಸ್ಕ್ಯಾನ್ ಮೂರನ್ನೂ ಬಲ್ಲ ಯಂತ್ರ, ಕೆಮ್ಮುವ ವಿದ್ಯೆಯೊಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದೆಲ್ಲವನ್ನೂ ತ್ಯಜಿಸಿದ ದಿನ ನನಗೆ ಕೈಕಾಲೇ ಆಡಲಿಲ್ಲ. ಒಂದು ಯಂತ್ರಕ್ಕೆ ಇಷ್ಟು ಗೋಳೇ ಎಂದು ನಗಬೇಡಿ. ನಮ್ಮಕ್ಕ ಓದುತ್ತಿದ್ದದ್ದು ಅದರಿಂದಲೇ.

ಅಕ್ಕ ಪಾವಗಡದ ಕಡೆ ಜೀವಮಾನವೆಲ್ಲ ಮಕ್ಕಳಿಗೆ ಕನ್ನಡ ಕಲಿಸಿ, ನಿವೃತ್ತಳಾದ ಮೇಲೆ ನನ್ನ ಜೊತೆ ಬಂದು ನೆಲೆಸಿದವಳು. ಅವಳ ಕಣ್ಣಿನ ನರ ಸೊರಗುತ್ತಿದೆ, ಮಾಡುವಂಥದ್ದೇನೂ ಉಳಿದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಮೊಬೈಲಿನ ಬೆಳಕು ಅವಳಿಗೆ ಸೂಜಿಯಂತೆ ಚುಚ್ಚುತ್ತದೆ. ಆದ್ದರಿಂದ ವಾರಪತ್ರಿಕೆಯ ಧಾರಾವಾಹಿಯನ್ನು ಗಾಜಿನ ಮೇಲೆ ಕವುಚಿ, ಅಕ್ಷರ ಹಿಗ್ಗಿಸಿ, ದಿನಕ್ಕೊಂದು ಪುಟ ನಕಲು ತೆಗೆದುಕೊಡುವುದು ನನ್ನ ಕೈಂಕರ್ಯ. ಸಂಜೆ ಅವಳು ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳುವಳು. ನಾನೇ ಓದುತ್ತೇನೆ ಎಂದರೆ, "ನೀನು ಓದಿದ್ರೆ ಮಹಾಪ್ರಾಣಕ್ಕೆಲ್ಲ ಪ್ರಾಣ ಹೋಗ್ತದೆ, ಸುಮ್ಕಿರ್ಲಾ!" ಎಂದು ಬಾಯಿ ಮುಚ್ಚಿಸುವಳು. ಸಂಜೆಯ ಸ್ವಾರಸ್ಯ ಕೆಡಬಾರದೆಂದು ನಾನು ಪತ್ರಿಕೆಯ ಮೇಲೆ ಕಣ್ಣಾಡಿಸುತ್ತಲೂ ಇರಲಿಲ್ಲ. ಕಥೆಯಂತೂ ಇತ್ತೀಚೆಗೆ ಬಲು ಸೊಗಸಾಗಿ ಸಾಗಿತ್ತು. ನಾಯಕನಾದ ವಕೀಲ ಕೊರಟಗೆರೆಯಲ್ಲಿ ಪ್ರೈವೇಟ್ ಬಸ್ಸಿಗೆ ನೂಕಾಡುತ್ತಿದ್ದ, ಪುರವರದ ಹೊಲದ ಬದುವಿನಲ್ಲಿ ಕೂತು ಹಸಿ ಕಡಲೆಕಾಯಿ ತಿನ್ನುತ್ತಿದ್ದ. ಇದನ್ನು ಬರೆಯುತ್ತಿರುವವರು ಖಂಡಿತ ನಮ್ಮ ಸೀಮೆಯವರೇ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಹೊಸ ಯಂತ್ರಕ್ಕಾಗಿ ಶಿರಾಕ್ಕೆ ಹೋದೆ. ಅಂಗಡಿಯಾತ ಎರಡನ್ನು ಮುಂದಿಟ್ಟ. "ಎರಡೂ ಪಕ್ಕಾ ಮಾಲ್ ಸಾಬ್. ಆದ್ರೆ ಇಂಕ್‌ದು ದಿನಾ ಓಡಿಸ್ತಾ ಇರ್ಬೇಕು, ಸುಮ್ನೆ ಬಿಟ್ರೆ ಒಣಗಿ ಖರಾಬ್ ಆಗೋಗ್ತದೆ. ಲೇಸರ್ ಆದ್ರೆ ತಿಂಗಳ್ಗಟ್ಲೆ ಮೂಲೇಲಿ ಬಿದ್ದಿದ್ರೂ ಫಿಕರಿಲ್ಲ. ನಿಮ್ಗೆ ದಿನಾ ಕೆಲ್ಸ ಇರ್ತದಾ?"

ಪಾಪ, ಅವನು ಕೇಳಿದ್ದು ಯಂತ್ರದ ವಿಚಾರ. ನನಗೆ ಕೇಳಿಸಿದ್ದು ಅಕ್ಕನ ಕಣ್ಣಿನ ವಿಚಾರ. ಮೊದಲು ಪತ್ರಿಕೆಯ ಒಂದು ಪುಟ ಎರಡು ಹಾಳೆಯಾಗುತ್ತಿತ್ತು; ಈಗ ಹಾಳೆಗೆ ಏಳೆಂಟು ಸಾಲು ಹಿಡಿದರೆ ಹೆಚ್ಚು. ಈ ಅಕ್ಷರಗಳು ಇನ್ನೆಷ್ಟು ದಪ್ಪವಾಗಬಲ್ಲವು? ಲೇಸರ್ ಕೊಳ್ಳುವುದೆಂದರೆ ಅಕ್ಕನ ಕಣ್ಣಿಗೆ ನಾನೇ ತಿಥಿ ಗೊತ್ತುಮಾಡಿದಂತೆ. "ದಿನಾ ಇರ್ತದೆ ಕಣಯ್ಯಾ, ದಿನಾ!" ಎಂದು ಅವನ ಮೇಲೆ ರೇಗಿ ಇಂಕಿನದನ್ನೇ ಹೊತ್ತು ತಂದೆ. ಅದು ಆಯ್ಕೆಯಲ್ಲ, ಹೆದರಿಕೆ.

ಮನೆಯಲ್ಲಿ ವೈಫೈಗೆ ಜೋಡಿಸಲು ಹೋದರೆ ಲ್ಯಾಪ್‌ಟಾಪು, ಮೊಬೈಲು, ಪ್ರಿಂಟರು ಒಂದೇ ಸೂರಿನಡಿ ಮಾತುಬಿಟ್ಟ ದಾಯಾದಿಗಳಂತೆ ಒಂದರ ಗುರುತು ಒಂದಕ್ಕಿಲ್ಲ ಎಂದವು. ನಾನು ಬೆವರುತ್ತಿದ್ದಾಗ ಅಕ್ಕ ಗೋಡೆ ಹಿಡಿದುಕೊಂಡು ಮಹಡಿ ಹತ್ತಿ ಬಂದಳು. "ಏಮಿರಾ, ಪೂಜೆ ಮಾಡ್ದೆ ಮಿಷನ್ ಮುಟ್ಟಿದ್ರೆ ಇನ್ನೇನಾಯ್ತದೆ? ಆಚೆ ಸರಿ." ನಮ್ಮ ಮನೆತನದಲ್ಲಿ ಮಿಕ್ಸಿಯಿಂದ ಮೋಟಾರಿನವರೆಗೆ ವಿಭೂತಿ ಬಳಿಯದೆ ಯಾವುದೂ ತಿರುಗಿದ್ದಿಲ್ಲ. ಅವಳು ವಿಭೂತಿ ಗಟ್ಟಿ ತೇದು ಮೂರು ಬೆರಳಲ್ಲಿ ಭಕ್ತಿಯಿಂದ ಎಳೆದಳು. ಅಷ್ಟರಲ್ಲೇ ಮೊಬೈಲಿಗೂ ಪ್ರಿಂಟರಿಗೂ ರಾಜಿಯಾಗಿ, ಆ ಸಂಭ್ರಮದಲ್ಲಿ ನಾನು ಪತ್ರಿಕೆಯನ್ನು ಕವುಚಿಹಾಕಿ ಗುಂಡಿ ಒತ್ತಿದೆ.

ಹೊರಬಂದ ಹಾಳೆಯಲ್ಲಿ ಅಡ್ಡಡ್ಡಲಾಗಿ ಮೂರು ಬೂದಿ ಪಟ್ಟೆ! ತೆರೆದಿದ್ದ ಮುಚ್ಚಳ ಕಾಣದೆ ಅಕ್ಕ ಗಾಜಿಗೇ ವಿಭೂತಿ ಧಾರಣೆ ಮಾಡಿದ್ದಳು. ಪಟ್ಟೆಯಿದ್ದ ಕಡೆ ಒಂದಕ್ಷರವೂ ಇಲ್ಲ. ಕೀಟಲೆ ಮಾಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹಾಳೆ ಕಿತ್ತುಕೊಂಡು, ಕನ್ನಡಕ ಏರಿಸಿ, ಓದಲು ಶುರುಮಾಡಿದ್ದಳು. ಮೊದಲ ಪಟ್ಟೆಯಲ್ಲಿ ಎಡವಲಿ ಎಂದು ನಗು ತಡೆದುಕೊಂಡು ಕಾದೆ. ಎಡವಲಿಲ್ಲ. ಎರಡನೆಯದರಲ್ಲೂ ಇಲ್ಲ. ಭುಜದ ಹಿಂದಿನಿಂದ ಇಣುಕಿದೆ. ಹಾಳೆಯಲ್ಲಿ ವಕೀಲ ಪುಣೆಯ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದ. ಅಕ್ಕನ ಬಾಯಲ್ಲಿ ಅವನು ಗೊರವನಹಳ್ಳಿಯಲ್ಲಿ ಬಸ್ಸಿಳಿದು, ಹಣ್ಣುಕಾಯಿ ಕೊಂಡು, ದೇವಸ್ಥಾನದ ಸಾಲಿನಲ್ಲಿ ನಿಂತಿದ್ದ.

ಯಾವಾಗಿನಿಂದ ಹೀಗೆ ಓದುತ್ತಿದ್ದಾಳೆ? ನಾನು ಮೆಚ್ಚಿಕೊಂಡಿದ್ದ ನಮ್ಮ ಸೀಮೆಯ ಲೇಖಕಿ ನನ್ನೆದುರೇ ಕೂತು, ಸ್ವಚ್ಛವಾದ ಮಹಾಪ್ರಾಣಗಳಲ್ಲಿ, ಇಲ್ಲದ ಸಾಲುಗಳನ್ನು ಓದುತ್ತಿದ್ದಳು. ಅಯ್ಯೋ, ಶಿರಾದಲ್ಲಿ ನಾನು ಹೆದರಿದ್ದು ಆಗಲೇ ಆಗಿಹೋಗಿತ್ತು.

"ಮುಂದೇನಾಯ್ತಕ್ಕ?" ಎಂದೆ.

"ನಾಳೆ ಪುಟ ಬರ್ಲಿ ತಡಿ. ಪುಟ ಇಲ್ದೆ ಹೆಂಗ್ಲಾ ಓದ್ಲಿ?" ಎಂದಳು.

ಶಿರಾದವನಿಗೆ ಹೇಳಿದಂತೆ ದಿನವೂ ಓಡಿಸುತ್ತಿದ್ದೇನೆ. ಗಾಜು ಒರೆಸುವ ಮನಸ್ಸಾಗಿಲ್ಲ. ಹೊಸದೂ ಹಳೆಯದರಂತೆಯೇ ಕಾಗದ ಕೊಡುವ ಮೊದಲು ಎರಡು ಸಲ ಕೆಮ್ಮುತ್ತದೆ. ಆ ಸದ್ದು ಕೇಳಿದ ಕೂಡಲೇ ಕೆಳಗೆ ಅಕ್ಕ ತಡಕಾಡಿ ಕನ್ನಡಕ ಹಾಕಿಕೊಳ್ಳುತ್ತಾಳೆ.